ಈರಲಿಂಗಪ್ಪ ಒಡೆದ ಹೆಡ್ಡು

ಕಲ್ಯಾಣದುರ್ಗದಲ್ಲಿ ಬೆಳುಗುಪ್ಪ ಕಡೆಗೆ ಹೋಗುವ ಜೀಪುಗಳು ನಿಲ್ಲುವ ಜಾಗದ ಎದುರಿಗೇ ಈರಲಿಂಗಪ್ಪನ ಶೆಡ್ಡು. ಅದಕ್ಕೆ ಬೋರ್ಡಿಲ್ಲ. ಯಾಕಿಲ್ಲ ಎಂದು ಯಾರಾದರೂ ಕೇಳಿದರೆ ಅವನಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು.

"ಬೋರ್ಡು ನೋಡ್ಕೊಂಡು ಬರೋರು ಹಿಂದೂಪುರಕ್ಕೆ ಹೋಗ್ಲಿ ಕಣಪ್ಪ. ಅಲ್ಲಿ ಲೈಟು ಹಾಕಿರೋ ಬೋರ್ಡೇ ಐತೆ."

ಲೈಟು ಹಾಕಿದ ಆ ಬೋರ್ಡು ನಟರಾಜನದು. ಇಬ್ಬರೂ ಒಂದೇ ಗುರುವಿನ ಕೈಕೆಳಗೆ ಕೆಲಸ ಕಲಿತವರು, ಹಿಂದೂಪುರದ ವೆಂಕಟರಾಯಪ್ಪ ಮೇಸ್ತ್ರಿಯ ಹತ್ತಿರ. ಈರಲಿಂಗಪ್ಪ ಆರು ವರ್ಷ ಮೊದಲು ಸೇರಿದವನು, ವಯಸ್ಸಿನಲ್ಲೂ ದೊಡ್ಡವನು. ಇಬ್ಬರ ನಡುವೆ ಜಗಳವಾಗಿರಲಿಲ್ಲ, ಜಮೀನಿನ ತಕರಾರಿರಲಿಲ್ಲ, ಒಬ್ಬರನ್ನೊಬ್ಬರು ಬೈದದ್ದೂ ಇಲ್ಲ. ಇದ್ದದ್ದು ಬರೀ ಹೊಟ್ಟೆಕಿಚ್ಚು, ಅದೂ ಒಂದೇ ಕಡೆಯದು. ನಟರಾಜನ ಶಾಪಿನಲ್ಲಿ ಗಿರಾಕಿಗೆ ಕೂರಲು ಕುರ್ಚಿ ಇದೆ ಎಂದು ಹೊಟ್ಟೆಕಿಚ್ಚು. ಅವನ ಕೂದಲು ಇನ್ನೂ ಕಪ್ಪಗಿದೆ ಎಂದು ಹೊಟ್ಟೆಕಿಚ್ಚು. ಇಷ್ಟು ವರ್ಷ ಎಂಜಿನ್ನು ಬಿಚ್ಚಿದರೂ ಅವನ ಉಗುರಿನ ಸಂದಿಯಲ್ಲಿ ಗ್ರೀಸು ಇಲ್ಲವಲ್ಲ, ಅದು ಹೇಗೆ ಸಾಧ್ಯ, ಕೆಲಸ ಮಾಡುತ್ತಾನೋ ಇಲ್ಲವೋ ಎಂದು ಇನ್ನೊಂದು ಹೊಟ್ಟೆಕಿಚ್ಚು. ರೊದ್ದಂನ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನೊಬ್ಬ, "ಮೆಕ್ಯಾನಿಕ್ಕಾ? ನಟರಾಜಪ್ಪನ ಹತ್ರ ಕಲ್ತಿದ್ದಾ?" ಎಂದು ಕೇಳಿಬಿಟ್ಟಿದ್ದ. ಅವತ್ತು ಈರಲಿಂಗಪ್ಪ ಪಾಯಸ ಮುಟ್ಟದೆ ಎದ್ದು ಬಂದ. ಆ ಪಾಯಸದ ಕಥೆಯನ್ನು ಹೆಂಡತಿ ಲಕ್ಷ್ಮಕ್ಕ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

"ಕೈಹಿಡಿದೋಳ ಹೆಸ್ರು ವರ್ಷಕ್ಕೊಂದ್ಸಲ ಬಾಯಾಗೆ ಬಂದ್ರೆ ಹೆಚ್ಚು. ಆ ನಟರಾಜಂದು ದಿನಾ ಜಪ. ಬೆಳಗ್ಗೆ ಎದ್ದು ಹಲ್ಲುಜ್ಜೋಕೆ ಮುಂಚೆ ಸುರು ಹಚ್ಕೊಂತಾನೆ."

ಇದು ಶುರುವಾದದ್ದು ಕುರ್ಚಿಯಿಂದಲೂ ಅಲ್ಲ, ಬೋರ್ಡಿನಿಂದಲೂ ಅಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಸ್ತ್ರಿ ನಾಲ್ಕು ಸಿಲಿಂಡರ್ ಹೆಡ್ಡುಗಳನ್ನು ಹಗ್ಗಕ್ಕೆ ತೂಗುಹಾಕಿ, ಹುಡುಗರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಹೆಡ್ಡು ಅಂದರೆ ಎಂಜಿನ್ನಿನ ತಲೆಯ ಮೇಲೆ ಮುಚ್ಚಳದಂತೆ ಕೂರುವ ಬೀಡು ಕಬ್ಬಿಣದ ದಪ್ಪ ಗಟ್ಟಿ; ಒಳಗೆ ನೀರು ಓಡಾಡುತ್ತದೆ, ಕೆಳಗೆ ಬೆಂಕಿ ಉರಿಯುತ್ತದೆ. ಗಾಡಿ ಮಿತಿಮೀರಿ ಕಾದರೆ ಅದು ಬಿರುಕು ಬಿಡುತ್ತದೆ. ಬಿರುಕಿಲ್ಲದ ಹೆಡ್ಡಿಗೆ ಸುತ್ತಿಗೆ ತಾಗಿಸಿದರೆ ಸದ್ದು ಉದ್ದಕ್ಕೆ ಹೋಗುತ್ತದೆ, ಬಿರುಕಿದ್ದರೆ ಅಲ್ಲೇ ಸಾಯುತ್ತದೆ. ಮೇಸ್ತ್ರಿ ಒಂದೊಂದಾಗಿ ಬಡಿದು, ಯಾವುದು ಕೆಟ್ಟದ್ದು ಎಂದು ಕೇಳಿದ. ಆರು ವರ್ಷ ಮಸಿ ಮೆತ್ತಿಕೊಂಡಿದ್ದ ಈರಲಿಂಗಪ್ಪ ಎರಡನೆಯದು ಅಂದ. ಸೇರಿ ಎರಡು ತಿಂಗಳಾಗಿದ್ದ ನಟರಾಜ ಮೆಲ್ಲಗೆ, ನಾಲ್ಕನೆಯದು ಅಂದ. ನಾಲ್ಕನೆಯದೇ ಆಗಿತ್ತು.

"ವೀಡಿಕಿ ಚೆವಿ ಉಂದಿ ರಾ" ಎಂದ ಮೇಸ್ತ್ರಿ ತೆಲುಗಿನಲ್ಲಿ. ಇವನಿಗೆ ಕಿವಿ ಇದೆ ಕಣ್ರೋ ಅಂತ. ಉಳಿದವರ ಕಿವಿಯ ಬಗ್ಗೆ ಅವನು ಏನೂ ಅನ್ನಲಿಲ್ಲ. ಆದರೂ ಈರಲಿಂಗಪ್ಪ ಅದನ್ನು ತನಗೇ ಹೊಡೆದ ಮಾತು ಎಂದು ತೆಗೆದುಕೊಂಡ, ಮತ್ತೆ ಕೆಳಗಿಡಲಿಲ್ಲ.

ಆಮೇಲೆ ಅವನು ಕಲ್ಯಾಣದುರ್ಗಕ್ಕೆ ಬಂದು ಶೆಡ್ಡು ಹಾಕಿದ. ನಟರಾಜ ಹಿಂದೂಪುರದಲ್ಲೇ ಉಳಿದು, ಹೆಡ್ಡನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಕೊಟ್ಟು ಗುಳ್ಳೆ ಬರುತ್ತದೋ ಇಲ್ಲವೋ ನೋಡುವ ಮಿಷನ್ನು ತಂದ. ಈರಲಿಂಗಪ್ಪನ ಹತ್ತಿರ ಮಿಷನ್ನಿಲ್ಲ, ಮಾತಿದೆ. ಬೆಳುಗುಪ್ಪದಿಂದ ಕಲ್ಯಾಣದುರ್ಗದವರೆಗೆ ಜೀಪು, ಟ್ರ್ಯಾಕ್ಟರು ಇಟ್ಟವರೆಲ್ಲ ಅವನು ಆಗುತ್ತದೆ ಅಂದರೆ ಹಾಕುತ್ತಾರೆ, ಆಗಲ್ಲ ಅಂದರೆ ಬಿಡುತ್ತಾರೆ. ಎದುರುಮಾತಿಲ್ಲ. ಅದಕ್ಕೆ ಕಾರಣ ಮೇಸ್ತ್ರಿಯಿಂದ ಬಂದ ಒಂದು ಕಟ್ಟುನಿಟ್ಟು. ಕೆಟ್ಟದ್ದು ಎಂದು ಹೇಳಿದ ಹೆಡ್ಡನ್ನು ಯಜಮಾನನ ಎದುರಿಗೇ ಒಡೆಯಬೇಕು. ಇಡಿಯಾಗಿ ಗುಜರಿಗೆ ಕೊಟ್ಟರೆ ಯಾರೋ ಬಣ್ಣ ಬಳಿದು ಇನ್ನೊಬ್ಬನ ತಲೆಗೆ ಕಟ್ಟುತ್ತಾರೆ. ಈರಲಿಂಗಪ್ಪ ಇದನ್ನು ಇಷ್ಟು ವರ್ಷ ಒಂದು ಸಲವೂ ತಪ್ಪಿಸಿರಲಿಲ್ಲ. ಅವನ ಶೆಡ್ಡಿನಲ್ಲಿ ಸಮ್ಮಟಿಗೆ ಎತ್ತಿದರೆ ಜೀಪಿನವರು ಟೀ ಬಿಟ್ಟು ಬಂದು ನಿಲ್ಲುತ್ತಿದ್ದರು.

ಓಬುಳೇಶನ ಜೀಪು ಈ ಶೆಡ್ಡಿಗೆ ಬಂದದ್ದು ಕಡಲೆಕಾಯಿ ಕೀಳುವ ದಿನಗಳಲ್ಲಿ. ಅವನು ಬೆಳುಗುಪ್ಪಕ್ಕೆ ಜನ ಸಾಗಿಸುವವನು. ಕೂಲಿಗೆ ಹೋಗುವ ಹೆಂಗಸರನ್ನು ಬೆಳಗ್ಗೆ ಇಳಿಸಿ ಸಾಯಂಕಾಲ ಕರೆತರುತ್ತಾನೆ. ಜೀಪು ಅವನದೇ, ಡ್ರೈವರೂ ಅವನೇ. ನಡುದಾರಿಯಲ್ಲಿ ನೀರಿನ ಪೈಪು ಹರಿದು, ಅದು ಗೊತ್ತಾಗುವ ಹೊತ್ತಿಗೆ ಎಂಜಿನ್ನು ಕೆಂಡವಾಗಿತ್ತು. ಈರಲಿಂಗಪ್ಪ ಹೆಡ್ಡು ಬಿಚ್ಚಿದ. ಎರಡು ವಾಲ್ವುಗಳ ನಡುವೆ ಕೂದಲೆಳೆಯಷ್ಟು ಒಂದು ಗೆರೆ ಕಂಡಿತು.

"ಎಲ್ಡು ದಿನ ಬಿಡ್ಲಾ. ಕೈಯಾಗೆ ಒಂದು ಟ್ರ್ಯಾಕ್ಟರ್ ಐತೆ, ಅದು ಮುಗಿಸಿ ಇದನ್ನ ನೋಡ್ತೀನಿ" ಎಂದ.

ಓಬುಳೇಶನಿಗೆ ಎರಡು ದಿನ ಕಾಯುವ ತಾಳ್ಮೆಯಿರಲಿಲ್ಲ. ಮಾರನೆಯ ದಿನ ಈರಲಿಂಗಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಹೆಡ್ಡನ್ನು ಗೋಣಿಚೀಲಕ್ಕೆ ಹಾಕಿ ಹಿಂದೂಪುರದ ಬಸ್ಸು ಹತ್ತಿದ. ಬೆಳಗಾಗಿ ಶೆಡ್ಡಿಗೆ ವಾಪಸು ಬಂದು, ಚೀಲ ಇಳಿಸಿ, ಬೆವರು ಒರೆಸಿಕೊಂಡು ಕಳ್ಳನಂತೆ ನಕ್ಕ.

"ಬೇಜಾರು ಮಾಡ್ಕೋಬ್ಯಾಡ ಈರಲಿಂಗಣ್ಣ. ನಟರಾಜಣ್ಣನ ತೊಟ್ಟಿಗೆ ಹಾಕಿಸ್ಕೊಂಡು ಬಂದ್ಬುಟ್ಟೆ. ಬಿರುಕು ಮ್ಯಾಲ್ಮ್ಯಾಲೆ ಐತಂತೆ, ನೀರಿನ ತಂಕ ಇಳಿದಿಲ್ವಂತೆ. ಏಮೀ ಕಾದು, ಏನೂ ಆಗಲ್ಲ, ಹಾಕ್ಕೋ ಅಂದ್ರು. ಆದ್ರೂ ಈರಲಿಂಗಣ್ಣಂಗೆ ಒಂದ್ಮಾತು ಕೇಳು, ಅವನು ಹ್ಞೂ ಅಂದ್ಮೇಲೇ ಹಾಕು ಅಂದ್ರು."

ಬೇರೆಯವನಾಗಿದ್ದರೆ ಈ ಕೊನೆಯ ಮಾತಿಗೆ ಹಿಗ್ಗಬೇಕಿತ್ತು. ಈರಲಿಂಗಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಶೆಡ್ಡಿನಲ್ಲಿ ಬಿಚ್ಚಿದ ಹೆಡ್ಡು. ತಾನು ಉಣ್ಣಲು ಹೋದಾಗ ಅದು ಅವನ ತೊಟ್ಟಿಯಲ್ಲಿ ಮುಳುಗಿ ಬಂದಿದೆ. ಪಾಸು ಮಾಡುವವನು ಅವನು, ಕೆಳಗೆ ರುಜು ಹಾಕುವುದಕ್ಕೆ ನಾನು! ಇಷ್ಟೆಲ್ಲ ಮನಸ್ಸಿನಲ್ಲಿ ಅಂದುಕೊಂಡು, ಬಾಯಲ್ಲಿ ಮಾತ್ರ, "ತೆಗಿ, ನೋಡಾನ" ಎಂದ.

ಅವನು ನೋಡುವ ಬಗೆ ಹಳೆಯದು. ನೀರು ಓಡಾಡುವ ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಸೀಮೆಎಣ್ಣೆ ತುಂಬಿಸಿ, ಹೆಡ್ಡನ್ನು ಮಗ್ಗುಲಾಗಿ ನಿಲ್ಲಿಸಿ, ಬೆಂಕಿ ಉರಿಯುವ ಮುಖಕ್ಕೆ ಸೀಮೆಸುಣ್ಣ ಅರೆದು ಬಳಿಯುತ್ತಾನೆ. ಬಿರುಕು ನೀರಿನ ದಾರಿಯವರೆಗೆ ಇಳಿದಿದ್ದರೆ ಸೀಮೆಎಣ್ಣೆ ಅದರಲ್ಲಿ ಜಿನುಗಿ ಬಂದು, ಬಿಳಿ ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಇಳಿಯದಿದ್ದರೆ ಸುಣ್ಣ ಬಿಳಿಯಾಗೇ ಇರುತ್ತದೆ. ಇದರಲ್ಲಿ ಕಿವಿಯ ಕೆಲಸವಿಲ್ಲ, ಕಣ್ಣಿದ್ದವನಿಗೆ ಸಾಕು.

ಸುಣ್ಣ ಬಳಿದು ಅದರ ಎದುರಿಗೆ ಸ್ಟೂಲು ಹಾಕಿಕೊಂಡು ಕೂತ. ಅರ್ಧ ಗಂಟೆಯಾಯಿತು. ಸುಣ್ಣ ಬಿಳಿಯಾಗೇ ಇತ್ತು. ಬಿಸಿಲಿಗೆ ಸ್ವಲ್ಪ ತಿರುಗಿಸಿಟ್ಟ. ಟೀ ತರಿಸಿ ಕುಡಿದ. ಒಂದು ಗಂಟೆಯಾಯಿತು. ಜಿನುಗಲಿ, ಒಂದು ಎಳೆ ಜಿನುಗಿದರೂ ಸಾಕು ಎಂದು ಅವನು ದೇವರನ್ನು ಬೇಡಿಕೊಳ್ಳುತ್ತಿದ್ದ ಅಂದರೆ ನೀವು ನಂಬಬೇಕು. ಬಡಪಾಯಿ ಓಬುಳೇಶನ ಜೀಪು ಕೆಡಲಿ ಎಂಬ ಆಸೆಯೇನೂ ಇರಲಿಲ್ಲ. ನಟರಾಜನ ಮಾತು ಸುಳ್ಳಾಗಲಿ ಎಂಬುದಷ್ಟೇ ಆಸೆ. ಅದಕ್ಕೆ ಜೀಪು ಕೆಡಬೇಕಿತ್ತು, ಏನು ಮಾಡುವುದು. ಸುಣ್ಣ ಒರೆಸಿ, ಮತ್ತೆ ಅರೆದು, ಎರಡನೆಯ ಸಲ ಬಳಿದ. ಎರಡನೆಯ ಸಲವೂ ಅದು ಹಾಲಿನಷ್ಟು ಬಿಳಿಯಾಗಿಯೇ ಉಳಿಯಿತು.

ಹೆಡ್ಡು ಸರಿಯಾಗಿತ್ತು. ಇನ್ನೂ ಐದು ವರ್ಷ ಓಡುತ್ತಿತ್ತು. ಹ್ಞೂ ಎಂದರೆ ಮುಗಿಯಿತು. ಆದರೆ ಸುತ್ತ ಮೂರು ನಾಲ್ಕು ಜನ ಜೀಪಿನವರು ಸೇರಿದ್ದರು. ತಾನು ಹ್ಞೂ ಅಂದ ತಕ್ಷಣ ಇವರೆಲ್ಲ ಏನು ಮಾತಾಡಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು. ನಟರಾಜ ಹತ್ತು ನಿಮಿಷಕ್ಕೆ ಹೇಳಿದ್ದನ್ನು ಈರಲಿಂಗಣ್ಣ ಎರಡು ಗಂಟೆ ಕೂತು ಹೇಳಿದ ಎಂದು. ನಾಳೆಯಿಂದ ಎಲ್ಲ ಹೆಡ್ಡುಗಳೂ ಗೋಣಿಚೀಲ ಸೇರಿ ಬಸ್ಸು ಹತ್ತುತ್ತವೆ.

"ಆಗಲ್ಲ ಕಣಪ್ಪ" ಎಂದ.

ಓಬುಳೇಶನ ಮುಖ ಸಪ್ಪಗಾಯಿತು. "ಸುಣ್ಣ ಬೆಳ್ಳಗೈತಲ್ಲಣ್ಣ?"

"ಸುಣ್ಣ ತಣ್ಣಗಿದ್ದಾಗಿನ ಮಾತು. ಎಂಜಿನ್ನು ಕಾದ್ಮೇಲೆ ಬಾಯಿ ಬಿಡ್ತೈತೆ. ನಾಳೆ ಹದಿನೈದು ಜನ ಹೆಂಗಸ್ರನ್ನ ಹೇರ್ಕೊಂಡು ನಡುದಾರೀಲಿ ನಿಂತ್ರೆ ನಟರಾಜ ಬತ್ತಾನೇನ್ಲಾ ತಳ್ಳಾಕೆ? ಅವನು ಮಿಷನ್ ನೋಡ್ತಾನೆ. ನಾನು ಕಬ್ಬಿಣ ನೋಡ್ತೀನಿ."

ಈ ಕೊನೆಯ ಮಾತು ಅವನಿಗೇ ತುಂಬಾ ಹಿಡಿಸಿತು. ನೆರೆದವರಿಗೂ ಹಿಡಿಸಿತು, ಒಬ್ಬ ಹೌದೌದು ಎಂದ. ಓಬುಳೇಶ ತಾನೇ ಒಳಗೆ ಹೋಗಿ ಮೂಲೆಯಲ್ಲಿದ್ದ ಸಮ್ಮಟಿಗೆ ತಂದು ಈರಲಿಂಗಪ್ಪನ ಮುಂದಿಟ್ಟ.

"ನೀನು ಹೇಳಿದ್ಮೇಲೆ ಆಯ್ತು. ಒಡೀ ಅಣ್ಣ."

ಸುಳ್ಳು ಹೇಳುವಾಗ ಈರಲಿಂಗಪ್ಪನಿಗೆ ಇದು ನೆನಪೇ ಇರಲಿಲ್ಲ. ಸಾಯಂಕಾಲ ಒಡೆಯೋಣ ಅಂದ. ಸಾಯಂಕಾಲ ಯಾಕೆ, ಎಲ್ಲರೂ ಇದ್ದೀವಲ್ಲ ಅಂದರು. ಬಣ್ಣ ಬಳಿದು ಮಾರುವವರನ್ನು ಇಪ್ಪತ್ತು ವರ್ಷ ಬೈದವನು ಈಗ ಹೆಡ್ಡನ್ನು ಇಡಿಯಾಗಿ ಉಳಿಸಿಕೊಂಡರೆ ಇವನೂ ಅದೇ ಜಾತಿ ಅನ್ನುತ್ತಾರೆ. ಸಮ್ಮಟಿಗೆ ಕೈಗೆ ತೆಗೆದುಕೊಂಡ. ಒಳ್ಳೆಯ ಕಬ್ಬಿಣವನ್ನು ಒಡೆಯುವುದೆಂದರೆ ಮೈ ಒಪ್ಪುವುದಿಲ್ಲ, ಮೊದಲ ಏಟು ಜಾರಿತು. ಮೂಲೆಯೊಂದನ್ನು ಮುರಿದು ಕೈ ತೊಳೆದುಕೊಳ್ಳೋಣ ಎಂದು ಎರಡನೆಯದನ್ನು ಅಂಚಿಗೆ ಹಾಕಿದ. ಅದೂ ಮುರಿಯಲಿಲ್ಲ. ಯಾರೋ ಕಿಸಕ್ಕೆಂದರು. ಆ ಸಿಟ್ಟಿಗೆ ಮೂರನೆಯ ಏಟು ನಡುವಿಗೇ ಬಿತ್ತು. ಹೆಡ್ಡು ಆ ಗೆರೆಯ ಉದ್ದಕ್ಕೇ ಸೀಳಿ ಎರಡಾಯಿತು.

ಬೀಡು ಕಬ್ಬಿಣ ಒಡೆದರೆ ಅದರ ಒಳಗಿನದೆಲ್ಲ ಬಯಲಾಗುತ್ತದೆ. ಹಳೆಯ ಬಿರುಕು ಎಷ್ಟು ಆಳಕ್ಕೆ ಇಳಿದಿತ್ತೋ ಅಷ್ಟು ಭಾಗ ಮಸಿ ಹಿಡಿದು ಕಪ್ಪಗಿರುತ್ತದೆ, ಈಗ ಹೊಸದಾಗಿ ಒಡೆದದ್ದು ಬೂದುಬಣ್ಣಕ್ಕೆ ಹೊಳೆಯುತ್ತದೆ. ಈರಲಿಂಗಪ್ಪ ಬಗ್ಗಿ ನೋಡಿದ. ಮೇಲಿನ ಅಂಚಿನಲ್ಲಿ ಉಗುರಿನ ದಪ್ಪದಷ್ಟು ಕಪ್ಪು. ಅದರ ಕೆಳಗೆ ನೀರಿನ ದಾರಿಯವರೆಗೂ ಕಬ್ಬಿಣ ಪಳಪಳ ಅನ್ನುತ್ತಿತ್ತು. ಅವನು ಕಾಲಿನಿಂದ ಆ ತುಂಡನ್ನು ಮಗುಚಲು ಹೋದ. ಅಷ್ಟರಲ್ಲಿ ಓಬುಳೇಶ ಫೋನು ಹಿಡಿದು ಬಗ್ಗಿದ್ದ.

"ತಡಿ ಅಣ್ಣ, ಒಂದು ಫೋಟೋ ಹೊಡ್ಕೊಂತೀನಿ. ಆ ನಟರಾಜಣ್ಣಂಗೆ ಕಳಿಸ್ತೀನಿ. ಏಮೀ ಕಾದು ಅಂದಿದ್ರಲ್ಲ, ನೋಡ್ಕೊಳ್ಲಿ."

"ಬ್ಯಾಡ ಬಿಡ್ಲಾ, ಯಾಕೆ ಸುಮ್ನೆ."

"ಹೋಯ್ತು ಅಣ್ಣ."

ಹೊಡೆದ ಫೋಟೋದಲ್ಲಿ ಏನಿದೆ ಎಂದು ಹೊಡೆದವನಿಗೆ ಗೊತ್ತಿರಲಿಲ್ಲ. ನಿಂತಿದ್ದವರಿಗೂ ಗೊತ್ತಿರಲಿಲ್ಲ, ಅವರಿಗೆ ಒಡೆದದ್ದೆಲ್ಲ ಒಂದೇ. ಆದರೆ ವೆಂಕಟರಾಯಪ್ಪ ಮೇಸ್ತ್ರಿಯ ಕೈಯಲ್ಲಿ ಕಲಿತವನಿಗೆ ಆ ಅಂಚು ಒಂದು ಸಲ ಕಂಡರೆ ಸಾಕು. ಫೋನು ಹೊಡೆದುಕೊಂಡಿತು, ಓಬುಳೇಶ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

"ನೋಡಿದ್ರಾ ನಟರಾಜಣ್ಣ? ಏನೂ ಆಗಿಲ್ಲ ಅಂದ್ರಿ. ಈರಲಿಂಗಣ್ಣ ಆಗಲ್ಲ ಅಂದ, ಒಡೆದೂ ತೋರಿಸ್ದ."

ಆ ಕಡೆಯಿಂದ ಎಲ್ಲೋ ಗ್ರೈಂಡರ್ ಓಡುವ ಸದ್ದು ಕೇಳುತ್ತಿತ್ತು.

"ಅಣ್ಣ ಅಲ್ಲೇ ಅವ್ನಾ?" ಎಂದ ನಟರಾಜ.

"ಇಲ್ಲೇ ಅವ್ನೆ. ಕೇಳಿಸ್ಕೊಂತಾ ಅವ್ನೆ."

"ತಪ್ಪು ನಂದೇ ಕಣಪ್ಪ. ಅಣ್ಣ ಹೇಳಿದ್ದೇ ಸರಿ. ನಾನು ಸರಿಯಾಗಿ ನೋಡ್ಲಿಲ್ಲ. ನೀನು ನಾಳೆ ಬಾ, ನಿಂಗೊಂದು ಹೆಡ್ಡು ನಾನು ಕೊಡ್ತೀನಿ. ದುಡ್ಡು ಗಿಡ್ಡು ಏನೂ ಬ್ಯಾಡ."

ನೆರೆದವರು ಓ ಎಂದರು. ಒಬ್ಬ ಈರಲಿಂಗಪ್ಪನ ಬೆನ್ನಿಗೆ ಗುದ್ದಿದ. ಹಿಂದೂಪುರದ ಮಿಷನ್ನನ್ನು ನಮ್ಮ ಈರಲಿಂಗಣ್ಣನ ಸುಣ್ಣ ಸೋಲಿಸಿತು ಎಂಬ ಸುದ್ದಿ ಸಾಯಂಕಾಲದ ಹೊತ್ತಿಗೆ ಬೆಳುಗುಪ್ಪ ಮುಟ್ಟಿತು. ಟೀ ಅಂಗಡಿಯಲ್ಲಿ ಅವನಿಗೆ ಎದ್ದು ಜಾಗ ಕೊಟ್ಟರು. ಇಪ್ಪತ್ತೆರಡು ವರ್ಷ ಕನಸು ಕಂಡದ್ದು ಇದನ್ನೇ. ಅದು ಬಂದು ಕೈಗೆ ಸಿಕ್ಕಾಗ, ಬಿಸಿ ಕಬ್ಬಿಣ ಹಿಡಿದವನ ಹಾಗೆ ಎಲ್ಲಿ ಇಳಿಸುವುದೋ ತಿಳಿಯಲಿಲ್ಲ.

ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ನಟರಾಜನಿಗೆ ಎಲ್ಲ ಗೊತ್ತಾಗಿದೆ. ಗೊತ್ತಾಗಿಯೂ ಸ್ಪೀಕರಿನಲ್ಲಿ ನಾಲ್ಕು ಜನರ ಎದುರು ತನ್ನ ಹೆಸರಿಗೆ ತಾನೇ ಮಸಿ ಬಳಿದುಕೊಂಡ. ಸುಳ್ಳು ಇಬ್ಬರೂ ಹೇಳಿದರು. ಇವನು ಹೇಳಿದ್ದು ಇನ್ನೊಬ್ಬನನ್ನು ಬೀಳಿಸುವುದಕ್ಕೆ, ಅವನು ಹೇಳಿದ್ದು ಬಿದ್ದವನನ್ನು ಎತ್ತುವುದಕ್ಕೆ. ಸುಳ್ಳು ಹೇಳುವುದರಲ್ಲೂ ಅವನೇ ಮೇಲಾದನಲ್ಲ ಎಂದು ಈರಲಿಂಗಪ್ಪನಿಗೆ ಮತ್ತೆ ಹೊಟ್ಟೆ ಉರಿಯಿತು. ತಾನು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡ. ಫೋಟೋವನ್ನು ಇಡೀ ಜಿಲ್ಲೆಗೆ ಕಳಿಸುತ್ತಿದ್ದೆ ಎಂಬ ಉತ್ತರ ತಕ್ಷಣ ಬಂತು, ಯೋಚನೆ ಮಾಡುವ ಕೆಲಸವೇ ಇರಲಿಲ್ಲ.

"ಏನಾಯ್ತು ನಿಂಗೆ? ಎಲ್ಡು ದಿನದಿಂದ ನಟರಾಜನ ಹೆಸ್ರೇ ಎತ್ತಿಲ್ಲ" ಎಂದಳು ಲಕ್ಷ್ಮಕ್ಕ. "ಜ್ವರ ಗಿರ ಬಂದೈತಾ?"

ಅವನು ತಟ್ಟೆ ಸರಿಸಿ ಎದ್ದುಹೋದ.

ಮೂರನೆಯ ದಿನ ಬೆಳಗ್ಗೆ ಓಬುಳೇಶ ಅದೇ ಗೋಣಿಚೀಲ ಹೊತ್ತು ಶೆಡ್ಡಿಗೆ ಬಂದ. ಈ ಸಲ ಅವನು ಹೇಳದೆಯೇ ಜನ ಸೇರಿದ್ದರು. ಹಿಂದೂಪುರದವನು ಏನು ಕೊಟ್ಟಿದ್ದಾನೆ ನೋಡೋಣ ಎಂಬ ಕುತೂಹಲ ಎಲ್ಲರಿಗೂ.

"ಎಲ್ಲೂ ಸಿಗ್ಲಿಲ್ವಂತೆ ಕಣಣ್ಣ, ಹಳೇ ಮಾಡೆಲ್ಲು. ಕೊನೆಗೆ ತನ್ನ ಸ್ವಂತ ಜೀಪಿಂದೇ ಬಿಚ್ಚಿ ಕೊಟ್ರು. ನಾಕು ವರ್ಷದಿಂದ ಓಡ್ತಾ ಇತ್ತಂತೆ. ಇದ್ರಾಗೂ ಒಂದು ಗೆರೆ ಐತೆ, ಅಣ್ಣಂಗೆ ತೋರಿಸು, ಅವನು ಏನಂತಾನೋ ಅದೇ ಅಂದ್ರು."

ಈರಲಿಂಗಪ್ಪ ಚೀಲ ಸರಿಸಿ ಹೆಡ್ಡನ್ನು ಬೆಳಕಿಗೆ ತಿರುಗಿಸಿದ. ಎರಡು ವಾಲ್ವುಗಳ ನಡುವೆ ಕೂದಲೆಳೆಯಂಥ ಗೆರೆ ಇತ್ತು. ಅದೇ ಜಾಗ, ಅಷ್ಟೇ ಉದ್ದ. ಬೇಕೆಂದೇ ಕಳಿಸಿದ್ದಾನೆ, ನನ್ನನ್ನು ಸಿಕ್ಕಿಸುವುದಕ್ಕೆ ಎಂದು ಮೊದಲು ಅನ್ನಿಸಿತು. ಆದರೆ ಈ ಮಾಡೆಲ್ಲಿನ ಹಳೆಯ ಹೆಡ್ಡುಗಳಲ್ಲಿ ಗೆರೆಯಿಲ್ಲದ್ದು ಸಿಗುವುದೇ ಅಪರೂಪ, ಅದು ಅವನಿಗೂ ಗೊತ್ತು. ಸಿಕ್ಕಿಸುವವನು ತನ್ನ ಜೀಪನ್ನು ತಲೆಯಿಲ್ಲದೆ ನಿಲ್ಲಿಸಿ ಕಳಿಸುತ್ತಾನೆಯೇ? ಆಗಲ್ಲ ಅಂದರೆ ಇದನ್ನೂ ಒಡೆಯಬೇಕು, ಓಬುಳೇಶನ ಜೀಪಿನ ಜೊತೆ ನಟರಾಜನ ಜೀಪೂ ಮೂಲೆ ಸೇರುತ್ತದೆ. ಆಗುತ್ತದೆ ಅಂದರೆ, ಮೂರು ದಿನದ ಹಿಂದೆ ಇಂಥದೇ ಗೆರೆ ಕಂಡು ಒಡೆದದ್ದು ಯಾಕೆ ಎಂದು ಮೂರ್ಖನೂ ಕೇಳುತ್ತಾನೆ.

ಸುಣ್ಣ ಅರೆದು ಬಳಿದ. ಯಾರೂ ಕದಲಲಿಲ್ಲ. ಒಂದು ಗಂಟೆ ಕಳೆಯಿತು, ಸುಣ್ಣ ಬಿಳಿಯಾಗಿತ್ತು. ಓಬುಳೇಶ ಸಮ್ಮಟಿಗೆಯ ಕಡೆಗೊಮ್ಮೆ ನೋಡಿದ, ಆಮೇಲೆ ಈರಲಿಂಗಪ್ಪನ ಮುಖ ನೋಡಿದ. ಕೆಲಸ ನಿಂತು ವಾರವಾಗುತ್ತ ಬಂದಿತ್ತು, ಧ್ವನಿ ಉಡುಗಿಹೋಗಿತ್ತು.

"ಇದೂ ಒಡೀಬೇಕಾ ಅಣ್ಣ?"

ಈರಲಿಂಗಪ್ಪ ಕೈ ಒರೆಸಿಕೊಂಡ. ಬೆರಳುಗಳಿಗೆ ಹತ್ತಿದ ಸುಣ್ಣ ಬೇಗ ಹೋಗಲಿಲ್ಲ, ಹೋಗುವವರೆಗೂ ಒರೆಸುತ್ತಲೇ ಇದ್ದ.

"ಬ್ಯಾಡ. ಇದು ಆಯ್ತದೆ, ಹಾಕ್ತೀನಿ" ಎಂದ. ಜನ ಅತ್ತ ತಿರುಗುವ ಮೊದಲೇ ಇನ್ನೂ ಒಂದು ಮಾತು ಸೇರಿಸಿದ. "ಅದೂ ಆಯ್ತಿತ್ತು."

ಓಬುಳೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಈರಲಿಂಗಪ್ಪನ ಎದುರಿಗೇ ಬಂದು ನಿಂತ.

"ಮತ್ಯಾಕಣ್ಣ ಒಡೆದೆ?"

"ನಟರಾಜ ಆಯ್ತದೆ ಅಂದಿದ್ನಲ್ಲ, ಅದಕ್ಕೆ."